ಕಲ್ಯದ ಶಾಸನವೂ ಜನಾಭಿಪ್ರಾಯದ ಅಂಕಿಗಳೂ

ಮಾಗಡಿಗೆ ಸಮೀಪದ ಕಲ್ಯ ಗ್ರಾಮಕ್ಕೆ ಶಾಸನಗಳಲ್ಲಿ ಕಲ್ಲೆಹ ಎಂಬ ಹೆಸರಿದೆ. ವಿಜಯನಗರದ ಆದಿಕಾಲದಲ್ಲಿ ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆಗಳ ಸಾಲಿನಲ್ಲಿ ಎಣಿಸಲ್ಪಡುತ್ತಿದ್ದ ಪಟ್ಟಣವಿದು. ಭವ್ಯಜನರ, ಅಂದರೆ ಜಿನಧರ್ಮಾನುಯಾಯಿಗಳ, ನೆಲೆವೀಡು. ವೀರಶೈವರಿಗೂ ಇದು ಪುಣ್ಯಸ್ಥಳ. ಪಾಲ್ಕುರಿಕೆ ಸೋಮನಾಥನು ಇಲ್ಲಿಯೇ ಐಕ್ಯನಾದನೆಂಬ ಪ್ರತೀತಿಯಿದೆ. ಈ ಊರಿನಲ್ಲಿ ದೊರೆತ 1368ರ ಶಾಸನವೂ ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿರುವ ಅದೇ ವರ್ಷದ ಶಾಸನವೂ ಒಂದೇ ಒಪ್ಪಂದವನ್ನು ಸಾರುತ್ತವೆ. ಜೈನರಿಗೂ ಶ್ರೀವೈಷ್ಣವರಿಗೂ ಉಂಟಾದ ವಿವಾದವನ್ನು ಬುಕ್ಕರಾಯನು ತೀರ್ಮಾನಿಸಿದ ಬಗೆಯನ್ನು ಅವು ತಿಳಿಸುತ್ತವೆ. ಕರ್ನಾಟಕದ ಇತಿಹಾಸವನ್ನು ಬರೆದವರೆಲ್ಲರೂ ಮತಸಹಿಷ್ಣುತೆಯ ನಿದರ್ಶನವಾಗಿ ಇದನ್ನು ಉಲ್ಲೇಖಿಸುತ್ತಾರೆ.

ಆ ಒಪ್ಪಂದವಾಗಿ 651 ವರ್ಷಗಳ ಅನಂತರ, 2019ರ ನವೆಂಬರ್ 17ರಿಂದ 2020ರ ಮಾರ್ಚ್ 23ರವರೆಗೆ, ಭಾರತದಲ್ಲಿ ಇನ್ನೊಂದು ಬಗೆಯ ವಿಚಾರಣೆ ನಡೆಯಿತು. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರದವರು ದೇಶದ 29,999 ಮಂದಿ ವಯಸ್ಕರನ್ನು 17 ಭಾಷೆಗಳಲ್ಲಿ ಮುಖತಃ ಪ್ರಶ್ನಿಸಿ, ಅವರ ಧರ್ಮಶ್ರದ್ಧೆ ಎಂತಹುದು, ಅನ್ಯಧರ್ಮೀಯರ ವಿಷಯದಲ್ಲಿ ಅವರ ಭಾವನೆ ಏನು ಎಂಬುದನ್ನು ಸಂಗ್ರಹಿಸಿದರು. 2021ರ ಜೂನ್‌ನಲ್ಲಿ ಪ್ರಕಟವಾದ ಅದರ ವರದಿಯಲ್ಲಿ ಜೈನರ ವಿಷಯವಾಗಿಯೂ ಕೆಲವು ಅಂಕಿಗಳಿವೆ. ಅವುಗಳಲ್ಲಿ ಒಂದೆರಡು ಸಮಾಜದ ಹಿರಿಯರೂ ಬಸದಿಗಳ ಆಡಳಿತ ನೋಡಿಕೊಳ್ಳುವವರೂ ಗಂಭೀರವಾಗಿ ಆಲೋಚಿಸಬೇಕಾದಂತಹವು. ಅಂದು ನೆರೆಯವರಿಂದ ರಕ್ಷಣೆಯನ್ನು ಬೇಡಿ ರಾಜದ್ವಾರಕ್ಕೆ ಹೋದ ಸಮಾಜವು ಇಂದು ತನ್ನ ನೆರೆಯವರನ್ನು ಹೇಗೆ ಕಾಣುತ್ತಿದೆ ಎಂಬ ಪ್ರಶ್ನೆಯನ್ನು ಅವು ಎತ್ತುತ್ತವೆ.

ಶಾಸನದ ವಿವರ

ಒಪ್ಪಂದದ ಕಾಲ ಶಕವರ್ಷ 1290, ಕೀಲಕ ಸಂವತ್ಸರದ ಭಾದ್ರಪದ ಶುದ್ಧ ದಶಮಿ, ಗುರುವಾರ. ಕ್ರಿಸ್ತಶಕದ ಲೆಕ್ಕದಲ್ಲಿ 1368ರ ಆಗಸ್ಟ್ 24. ಭಾದ್ರಪದ ಶುದ್ಧ ಪಂಚಮಿಯಿಂದ ಚತುರ್ದಶಿಯವರೆಗೆ ದಶಲಕ್ಷಣ ಪರ್ವವಾದ್ದರಿಂದ ಈ ತಿಥಿಯು ಪರ್ವದ ನಡುವೆಯೇ ಬರುತ್ತದೆ. ಭಕ್ತರು, ಅಂದರೆ ಶ್ರೀವೈಷ್ಣವರು, ತಮಗೆ ಅನ್ಯಾಯ ಮಾಡುತ್ತಿದ್ದಾರೆಂದು ಸಮಸ್ತ ನಾಡುಗಳ ಭವ್ಯಜನರು ಬುಕ್ಕರಾಯನಲ್ಲಿ ಬಿನ್ನವಿಸಿಕೊಂಡರು. ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರು ಮೊದಲ್ಗೊಂಡು ಹದಿನೆಂಟು ನಾಡಿನ ಶ್ರೀವೈಷ್ಣವರನ್ನು ಅರಸನು ಬರಮಾಡಿಕೊಂಡನು. ಶಾಸನವು ಆಚಾರ್ಯರನ್ನು ಮಾತ್ರ ಹೆಸರಿಸಿ ಸುಮ್ಮನಾಗುವುದಿಲ್ಲ. ತಿರುಕುಲ, ಜಾಂಬವಕುಲದವರನ್ನೂ ಆ ಪಟ್ಟಿಯಲ್ಲಿ ಸೇರಿಸಿದೆ. ಒಪ್ಪಂದವನ್ನು ಬೀದಿಯಲ್ಲಿ ನಡೆಸಿಕೊಡಬೇಕಾದವರು ಯಾರೋ ಅವರೆಲ್ಲರ ಒಪ್ಪಿಗೆಯೂ ಬೇಕೆಂಬ ಅರಿವು ಅಂದಿನವರಿಗೆ ಇದ್ದಿತು.

ಅರಸನು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿ ಇಟ್ಟನು. ಎರಡು ದರ್ಶನಗಳಲ್ಲಿ ಭೇದವಿಲ್ಲವೆಂದು ವಿಧಿಸಿದನು. ಜೈನದರ್ಶನಕ್ಕೆ ಹಿಂದಿನ ಮರ್ಯಾದೆಯಂತೆ ಪಂಚಮಹಾವಾದ್ಯಗಳೂ ಕಲಶವೂ ಸಲ್ಲತಕ್ಕವು ಎಂದೂ, ಜೈನರಿಗೆ ಆಗುವ ಹಾನಿವೃದ್ಧಿಗಳನ್ನು ವೈಷ್ಣವರು ತಮ್ಮ ಹಾನಿವೃದ್ಧಿಗಳೆಂದೇ ತಿಳಿಯತಕ್ಕದ್ದು ಎಂದೂ ನಿರ್ಣಯವಾಯಿತು. ಈ ಕಟ್ಟಳೆಯನ್ನು ರಾಜ್ಯದ ಬಸದಿಗಳಲ್ಲಿ ಶ್ರೀವೈಷ್ಣವರೇ ಶಾಸನವಾಗಿ ನೆಡಬೇಕೆಂದು ಗೊತ್ತುಪಡಿಸಲಾಯಿತು. ಮೀರಿದವನು ರಾಜನಿಗೂ ಸಂಘಕ್ಕೂ ಸಮುದಾಯಕ್ಕೂ ದ್ರೋಹಿ ಎನಿಸಿಕೊಳ್ಳುವನು.

ವ್ಯವಹಾರ ಬಲ್ಲವರ ಕಣ್ಣು ಶಾಸನದ ಇನ್ನೊಂದು ಭಾಗದಲ್ಲಿ ನಿಲ್ಲುತ್ತದೆ. ಜೈನರು ಮನೆಯೊಂದಕ್ಕೆ ವರ್ಷಕ್ಕೆ 1 ಹಣದಂತೆ ಕೊಡಬೇಕು. ಹಾಗೆ ಕೂಡಿದ ಹಣದಿಂದ ತಿರುಮಲೆಯ ತಾತಯ್ಯನವರು ಬೆಳಗೊಳದ ದೇವರ ಅಂಗರಕ್ಷೆಗೆ 20 ಆಳುಗಳನ್ನು ಇಡಬೇಕು. ಮಿಕ್ಕ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಹಣ ಜೈನರದು, ಅದರ ವಿನಿಯೋಗ ವೈಷ್ಣವ ಮುಖಂಡರ ಕೈಯಲ್ಲಿ, ಕಾವಲು ಜಿನಬಿಂಬಕ್ಕೆ. ಅಲ್ಪಸಂಖ್ಯಾತರು ರಕ್ಷಣೆಗಾಗಿ ತೆತ್ತ ಕಾಣಿಕೆ ಇದು ಎಂದು ಯಾರಾದರೂ ಆಕ್ಷೇಪಿಸಿದರೆ ಆ ಮಾತನ್ನು ತಳ್ಳಿಹಾಕುವಂತಿಲ್ಲ. ಅನ್ಯಾಯವಾಯಿತೆಂದು ದೂರಿದವರೇ ಹಣವನ್ನೂ ಕೊಟ್ಟರು. ಆದರೂ ವಿವಾದದಲ್ಲಿ ಎದುರಾಳಿಯಾದವನನ್ನೇ ನಿಧಿಪಾಲಕನನ್ನಾಗಿ ಮಾಡಿದ ಜಾಣ್ಮೆ ಇಲ್ಲಿದೆ. ಲೆಕ್ಕ ಒಪ್ಪಿಸಬೇಕಾದವನು ಜಗಳಕ್ಕೆ ಇಳಿಯುವ ಮುನ್ನ ಎರಡು ಸಲ ಯೋಚಿಸುತ್ತಾನೆ.

ಇದೆಲ್ಲದರ ಹಿಂದೆ ಕಲ್ಯದ ಒಬ್ಬ ವರ್ತಕನಿದ್ದನು. ಕಲ್ಲೆಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿಯು ಬುಕ್ಕರಾಯನಿಗೆ ಬಿನ್ನಹ ಮಾಡಿ, ತಿರುಮಲೆಯ ತಾತಯ್ಯನವರನ್ನು ಕರೆತಂದು ಜೀರ್ಣೋದ್ಧಾರ ಮಾಡಿಸಿದನೆಂದು ಬೆಳಗೊಳದ ಶಾಸನದ ಕೊನೆಯ ಭಾಗವು ಹೇಳುತ್ತದೆ. ಎರಡೂ ಸಮಯದವರು ಕೂಡಿ ಅವನಿಗೆ ಸಂಘನಾಯಕ ಪಟ್ಟವನ್ನು ಕಟ್ಟಿದರು. ಜೈನ ಸೆಟ್ಟಿಯೊಬ್ಬನಿಗೆ ವೈಷ್ಣವರೂ ಸೇರಿ ಕಟ್ಟಿದ ಪಟ್ಟವಿದು. ಈ ಮಾತು ಮಾಗಡಿ ಸೀಮೆಯ ಜೈನರು ಹೆಮ್ಮೆಯಿಂದ ನೆನೆಯಬೇಕಾದದ್ದು.

ವಿವಾದದ ಬೀಜ ಎಲ್ಲಿತ್ತು?

ಗಮನಿಸಬೇಕಾದ ಸಂಗತಿಯೆಂದರೆ ಈ ಶಾಸನದಲ್ಲಿ ತತ್ತ್ವಚರ್ಚೆ ಇಲ್ಲ. ಈಶ್ವರನು ಜಗತ್ಕರ್ತನೇ, ಕರ್ಮವು ಪುದ್ಗಲವೇ ಎಂಬ ಪ್ರಶ್ನೆಗಳನ್ನು ಅರಸನು ಕೇಳಲಿಲ್ಲ. ತೀರ್ಮಾನವಾದದ್ದು ವಾದ್ಯ ಮತ್ತು ಕಲಶಗಳ ಹಕ್ಕು. ಎಂದರೆ ಬೀದಿಯಲ್ಲಿ, ನಾಲ್ಕು ಜನರ ಎದುರಿನಲ್ಲಿ ಸಲ್ಲುವ ಮರ್ಯಾದೆ.

1638ರಲ್ಲಿ ಹಳೇಬೀಡಿನಲ್ಲಿ ನಡೆದ ವಿವಾದವೂ ಇಂತಹುದೇ. ಹುಚ್ಚಪ್ಪದೇವರೆಂಬುವರು ವಿಜಯಪಾರ್ಶ್ವನಾಥ ಬಸದಿಯ ಕಂಬಗಳಿಗೆ ಲಿಂಗಮುದ್ರೆಯನ್ನು ಒತ್ತಿದರು. ವಿಜಯಪ್ಪನೆಂಬ ಜೈನನು ಅದನ್ನು ಅಳಿಸಿದನು. ವೀರಶೈವ ಹಾಗೂ ಜೈನ ಪ್ರಮುಖರು ಸೇರಿ, ಮೊದಲು ವಿಭೂತಿ ವೀಳ್ಯಗಳನ್ನು ಸಲ್ಲಿಸಿ ಆಮೇಲೆ ಜೈನರು ತಮ್ಮ ಪೂಜೋತ್ಸವಗಳನ್ನು ಎಂದಿನಂತೆ ನಡೆಸಿಕೊಳ್ಳತಕ್ಕದ್ದೆಂದು ತೀರ್ಮಾನಿಸಿದರು. ಅಲ್ಲಿಯೂ ಜಗಳ ಹುಟ್ಟಿದ್ದು ಕಂಬದ ಮೇಲಿನ ಗುರುತಿನಿಂದ.

ನಮ್ಮ ಕಾಲಕ್ಕೆ ಬಂದರೂ ಚಿತ್ರ ಬೇರೆಯಾಗಿಲ್ಲ. ಪ್ಯೂ ಸಂಸ್ಥೆಯ ಪ್ರಶ್ನಾವಳಿ ದೇಶದಲ್ಲಿ ಸಂಚರಿಸುತ್ತಿದ್ದ ತಿಂಗಳುಗಳಲ್ಲಿಯೇ ಕನಕಪುರ ತಾಲ್ಲೂಕಿನ ಹಾರೋಬೆಲೆಯ ಕಪಾಲಿ ಬೆಟ್ಟವು ಪತ್ರಿಕೆಗಳ ಮುಖಪುಟಕ್ಕೆ ಬಂದಿತು. ಅಲ್ಲಿ 114 ಅಡಿ ಎತ್ತರದ ಏಸುವಿನ ಪ್ರತಿಮೆಯನ್ನು ನಿಲ್ಲಿಸಲು 2019ರ ಡಿಸೆಂಬರ್ 25ರಂದು ಶಂಕುಸ್ಥಾಪನೆಯಾಯಿತು. 2020ರ ಜನವರಿ 13ರಂದು ಅದನ್ನು ವಿರೋಧಿಸಿ ಕನಕಪುರದಲ್ಲಿ ದೊಡ್ಡ ಮೆರವಣಿಗೆ ನಡೆಯಿತು. ಹಾರೋಬೆಲೆಯ ಕ್ರೈಸ್ತರು ಅಲ್ಲಿ ಹೊಸದಾಗಿ ನೆಲೆಸಿದವರಲ್ಲ, ಅವರ ಪ್ರಾರ್ಥನೆಯೂ ಹೊಸದಲ್ಲ. ವಿವಾದಕ್ಕೆ ಕಾರಣವಾದದ್ದು ಬೆಟ್ಟದ ತುದಿಯಲ್ಲಿ ದೂರಕ್ಕೆ ಕಾಣುವ ಚಿಹ್ನೆ.

ಜೈನಶಾಸ್ತ್ರದ ಪರಿಭಾಷೆಯಲ್ಲಿ ಇದಕ್ಕೆ ಸರಿಯಾದ ಹೆಸರು ಮಾನಕಷಾಯ. ಕ್ರೋಧವು ಅದರ ಬೆನ್ನಿಗೆ ಬರುತ್ತದೆ. ಶ್ರದ್ಧೆ ಗಾಢವಾದಷ್ಟೂ ಉಗ್ರತೆ ಹೆಚ್ಚುವುದೆಂಬ ಮಾತನ್ನು ಬಹಳ ಮಂದಿ ಸ್ವತಸ್ಸಿದ್ಧವೆಂದು ಭಾವಿಸಿದ್ದಾರೆ. ಕಲ್ಯ, ಹಳೇಬೀಡು, ಕನಕಪುರಗಳ ಉದಾಹರಣೆಗಳು ಆ ಮಾತನ್ನು ಸಮರ್ಥಿಸುವುದಿಲ್ಲ. ಅಕಲಂಕದೇವರಂತಹ ಆಚಾರ್ಯರು ಪರಮತಗಳನ್ನು ನಿಷ್ಠುರವಾಗಿ ಖಂಡಿಸಿದರು. ಅವರ ಸಮ್ಯಕ್ತ್ವ ಅಚಲವಾಗಿತ್ತು. ಆದರೆ ಖಂಡನೆ ಗ್ರಂಥದಲ್ಲಿ ಉಳಿಯಿತು, ಕೈಗೆ ಇಳಿಯಲಿಲ್ಲ.

ಅಭಿಪ್ರಾಯ ಸಂಗ್ರಹದ ಶಾಸ್ತ್ರ

ಜನಾಭಿಪ್ರಾಯ ಸಂಗ್ರಹವು ಇದನ್ನು ಸಮರ್ಥಿಸುತ್ತದೆಯೇ? ಉತ್ತರಿಸುವ ಮುನ್ನ ಆ ಶಾಸ್ತ್ರದ ಬಲಾಬಲಗಳನ್ನು ಅರಿಯುವುದು ಅವಶ್ಯ.

1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ಲಿಟರರಿ ಡೈಜೆಸ್ಟ್ ಎಂಬ ಪತ್ರಿಕೆಯು ಸುಮಾರು ಒಂದು ಕೋಟಿ ಮಂದಿಗೆ ಅಂಚೆಯಲ್ಲಿ ಮತಚೀಟಿ ಕಳುಹಿಸಿ, 20 ಲಕ್ಷಕ್ಕೂ ಹೆಚ್ಚು ಉತ್ತರಗಳನ್ನು ಪಡೆದು, ಲ್ಯಾಂಡನ್ ಗೆಲ್ಲುವರೆಂದು ಸಾರಿತು. ಗೆದ್ದವರು ರೂಸ್‌ವೆಲ್ಟ್, 48 ರಾಜ್ಯಗಳಲ್ಲಿ 46 ಅವರ ಪಾಲಾದವು. ಪತ್ರಿಕೆಯು ಟೆಲಿಫೋನು, ಮೋಟಾರು ಇದ್ದವರ ಪಟ್ಟಿಗಳಿಂದ ಹೆಸರು ಆರಿಸಿಕೊಂಡಿತ್ತು. ಬಡವರ ಧ್ವನಿ ಅದಕ್ಕೆ ಕೇಳಿಸಲಿಲ್ಲ. ಅದಕ್ಕಿಂತ ಬಹಳ ಚಿಕ್ಕದಾದ, ಆದರೆ ವಿವೇಚನೆಯಿಂದ ಆರಿಸಿದ ಮಾದರಿಯಿಂದ ಜಾರ್ಜ್ ಗ್ಯಾಲಪ್ ಅವರು ಗೆಲ್ಲುವವರನ್ನು ಸರಿಯಾಗಿ ಹೇಳಿದರು. ಭತ್ತದ ರಾಶಿಯ ಗುಣವನ್ನು ತಿಳಿಯಲು ಒಂದು ಹಿಡಿ ಸಾಕು. ಆದರೆ ರಾಶಿಯ ಎಲ್ಲ ಕಡೆಯಿಂದಲೂ ತೆಗೆದ ಹಿಡಿ ಅದಾಗಿರಬೇಕು. ಮಂಡಿಯ ವ್ಯಾಪಾರಿಗೆ ಈ ತತ್ತ್ವ ಹೊಸದಲ್ಲ.

ಮಾದರಿ ಸರಿಯಿದ್ದರೂ ಇನ್ನೆರಡು ತೊಡಕುಗಳು ಉಳಿಯುತ್ತವೆ. ಮೊದಲನೆಯದು ಪ್ರಶ್ನೆಯ ರೂಪ. ಎರಡನೆಯದು, ಅಪರಿಚಿತನು ಮನೆಗೆ ಬಂದು ಕೇಳಿದಾಗ ಮನುಷ್ಯನು ತನಗೆ ಗೌರವ ತರುವ ಉತ್ತರವನ್ನೇ ಕೊಡಲು ಇಚ್ಛಿಸುತ್ತಾನೆ. ಆದ್ದರಿಂದ ಅಭಿಪ್ರಾಯ ಸಂಗ್ರಹದ ಅಂಕಿಯು ಒಂದು ನಯ ಮಾತ್ರ. ಒಂದು ಅಪೇಕ್ಷೆಯಿಂದ, ಒಂದು ಪ್ರಶ್ನೆಗೆ, ಒಂದು ದಿನ ದೊರೆತ ಸತ್ಯಾಂಶ. ಅದನ್ನೇ ಪೂರ್ಣಸತ್ಯವೆಂದು ಹಿಡಿದರೆ ದುರ್ನಯವಾಗುತ್ತದೆ. ಅಂಶವೆಂಬ ಕಾರಣಕ್ಕೆ ಅದನ್ನು ಎಸೆದರೂ ಅನೇಕಾಂತಕ್ಕೆ ಅಪಚಾರವೇ.

ಉಗ್ರವಾದದ ಪ್ರಶ್ನೆಯನ್ನು ನೇರವಾಗಿ ಕೇಳಿದ ಪ್ರಸಿದ್ಧ ಸಂಗ್ರಹವೆಂದರೆ ಗ್ಯಾಲಪ್ ಸಂಸ್ಥೆಯದು. 2001ರ ಸೆಪ್ಟೆಂಬರ್ 11ರ ದಾಳಿಯ ಅನಂತರದ ವರ್ಷಗಳಲ್ಲಿ 35ಕ್ಕೂ ಹೆಚ್ಚು ದೇಶಗಳ ಮುಸ್ಲಿಮರನ್ನು ಪ್ರಶ್ನಿಸಿ, ಜಾನ್ ಎಸ್ಪೊಸಿಟೊ ಮತ್ತು ದಾಲಿಯಾ ಮೊಗಾಹೆದ್ ಎಂಬ ವಿದ್ವಾಂಸರು ಅದರ ಫಲಿತಾಂಶವನ್ನು ಪುಸ್ತಕವಾಗಿ ಪ್ರಕಟಿಸಿದರು. ಆ ದಾಳಿ ಸಂಪೂರ್ಣ ಸಮರ್ಥನೀಯವೆಂದು ಹೇಳಿ, ಅಮೆರಿಕದ ಬಗ್ಗೆ ಪ್ರತಿಕೂಲ ಭಾವನೆಯನ್ನೂ ತಳೆದಿದ್ದವರನ್ನು ಅವರು ಉಗ್ರಾಭಿಪ್ರಾಯದವರೆಂದು ಗಣಿಸಿದರು; ಅಂತಹವರು ಶೇಕಡಾ 7ರಷ್ಟಿದ್ದರು. ಮುಖ್ಯವಾದ ಶೋಧವೇನೆಂದರೆ ಪ್ರಾರ್ಥನಾ ಮಂದಿರಕ್ಕೆ ಹೋಗುವುದರಲ್ಲಾಗಲಿ, ಧರ್ಮವು ಬಾಳಿಗೆ ಮುಖ್ಯವೆನ್ನುವುದರಲ್ಲಾಗಲಿ ಈ 7 ಮಂದಿಗೂ ಉಳಿದವರಿಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸವಿದ್ದದ್ದು ಹೊರಗಿನವರು ತಮ್ಮನ್ನು ಆಳಲು ಹೊರಟಿದ್ದಾರೆಂಬ ಭಾವನೆಯಲ್ಲಿ. ಭಂಗಗೊಂಡ ಮಾನವೇ ಅಲ್ಲಿಯೂ ಕೆಲಸ ಮಾಡಿತ್ತು.

ಇದೇ ಸಂಗ್ರಹವು ಎಚ್ಚರಿಕೆಯ ಪಾಠವೂ ಆಗಿದೆ. ಉತ್ತರಕ್ಕೆ ಐದು ಮೆಟ್ಟಿಲುಗಳಿದ್ದವು. ತುತ್ತತುದಿಯ ಮೆಟ್ಟಿಲಿನವರನ್ನು ಮಾತ್ರ ಎಣಿಸಿದ್ದರಿಂದ 7 ಎಂಬ ಅಂಕಿ ಬಂದಿತೆಂದೂ, ಅದರ ಕೆಳಗಿನ ಮೆಟ್ಟಿಲನ್ನು ಸೇರಿಸಿದರೆ ಸಂಖ್ಯೆ ಬಹಳ ಏರುವುದೆಂದೂ ವಿಮರ್ಶಕರು ತೋರಿಸಿದರು. ಅಂಕಿಯನ್ನು ಹೇಳುವವನು ಗೆರೆಯನ್ನು ಎಲ್ಲಿ ಎಳೆದನೆಂಬುದನ್ನು ಕೇಳದೆ ಯಾವ ಅಂಕಿಯನ್ನೂ ಒಪ್ಪಬಾರದು.

ಕೃತ, ಕಾರಿತ, ಅನುಮೋದನ

ಇಲ್ಲಿ ಜೈನ ಶ್ರಾವಕನಿಗೆ ಇನ್ನೊಂದು ವಿಚಾರ ಹೊಳೆಯಬೇಕು. ಗ್ಯಾಲಪ್ ಪ್ರಶ್ನಿಸಿದವರಲ್ಲಿ ಬಹುತೇಕ ಯಾರೂ ಆಯುಧ ಹಿಡಿದವರಲ್ಲ. ಬೇರೆಯವರು ಮಾಡಿದ್ದನ್ನು ಸರಿಯೆಂದವರು ಮಾತ್ರ. ಹಾಗಾದರೆ ಅವರ ಉತ್ತರಕ್ಕೆ ಬೆಲೆಯೇನು? ತತ್ತ್ವಾರ್ಥಸೂತ್ರವು ಇದಕ್ಕೆ ಸ್ಪಷ್ಟವಾದ ಉತ್ತರ ಕೊಡುತ್ತದೆ. ತಾನೇ ಮಾಡಿದ್ದು, ಇತರರಿಂದ ಮಾಡಿಸಿದ್ದು, ಮಾಡಿದ್ದಕ್ಕೆ ಸಮ್ಮತಿಸಿದ್ದು ಮೂರೂ ಕರ್ಮಾಸ್ರವಕ್ಕೆ ಕಾರಣಗಳು. ಸಂರಂಭ, ಸಮಾರಂಭ, ಆರಂಭಗಳೆಂಬ ಮೂರು ಹಂತ, ಮನೋವಾಕ್ಕಾಯಗಳೆಂಬ ಮೂರು ದ್ವಾರ, ಕೃತ, ಕಾರಿತ, ಅನುಮೋದನಗಳೆಂಬ ಮೂರು ಬಗೆ, ನಾಲ್ಕು ಕಷಾಯಗಳು. ಇವನ್ನು ಗುಣಿಸಿದರೆ 108 ಭೇದಗಳಾಗುತ್ತವೆ. ಅಭಿಪ್ರಾಯ ಸಂಗ್ರಹವೆಂಬುದು ಈ ದೃಷ್ಟಿಯಿಂದ ಸಮಾಜದ ಅನುಮೋದನವನ್ನು ಅಳೆಯುವ ತಕ್ಕಡಿ. ಅನುಮೋದಿಸಿದವನು ಕೊಲೆಗಾರನೆಂದು ಅದರ ಅರ್ಥವಲ್ಲ. ಆದರೆ ಅವನು ನಿರ್ಲಿಪ್ತನೂ ಅಲ್ಲ.

ಕನಕಪುರ ತಾಲ್ಲೂಕಿನಲ್ಲಿಯೇ ಇದಕ್ಕೆ ಉದಾಹರಣೆ ದೊರೆಯಿತು. 2023ರ ಮಾರ್ಚ್ 31ರ ರಾತ್ರಿ ಸಾತನೂರಿನ ಬಳಿ ಜಾನುವಾರುಗಳನ್ನು ಸಾಗಿಸುತ್ತಿದ್ದ ವಾಹನವನ್ನು ಗೋರಕ್ಷಕರೆಂದು ಹೇಳಿಕೊಂಡವರು ತಡೆದರು. ವಾಹನದಲ್ಲಿದ್ದ ಒಬ್ಬರು ಆಮೇಲೆ ಶವವಾಗಿ ದೊರೆತರು. ಪೊಲೀಸರು ಕೊಲೆ ಮೊಕದ್ದಮೆಯನ್ನು ದಾಖಲಿಸಿದರು. ತಪ್ಪಿತಸ್ಥರು ಯಾರೆಂಬುದು ನ್ಯಾಯಾಲಯದ ವಿಚಾರ. ಶ್ರಾವಕನ ವಿಚಾರ ಬೇರೆ. ಪಶುವಿನ ಪ್ರಾಣ ಉಳಿಯಿತೆಂಬ ಸಂತೋಷದಲ್ಲಿ ಪಂಚೇಂದ್ರಿಯ ಮನುಷ್ಯನ ಪ್ರಾಣ ಹೋದದ್ದನ್ನು ಲಘುವಾಗಿ ಕಂಡ ಮನಸ್ಸು ಯಾವ ಮನೆಯಲ್ಲಿದ್ದರೂ ಅಲ್ಲಿ ಅಹಿಂಸಾಣುವ್ರತಕ್ಕೆ ಅತಿಚಾರವಾಗಿದೆ. ಗೋಶಾಲೆಗೆ ಕೊಟ್ಟ ದಾನವು ಆ ಅನುಮೋದನವನ್ನು ತೊಳೆಯಲಾರದು.

109 ಜೈನರ ಉತ್ತರ

ಈಗ 2021ರ ವರದಿಗೆ ಹಿಂದಿರುಗಬಹುದು. ನಿಜವಾದ ಭಾರತೀಯನೆನಿಸಲು ಎಲ್ಲ ಧರ್ಮಗಳನ್ನು ಗೌರವಿಸುವುದು ಬಹಳ ಮುಖ್ಯವೆಂದು ಶೇಕಡಾ 84 ಮಂದಿ ಹೇಳಿದರು. ಅನ್ಯಧರ್ಮಗಳನ್ನು ಗೌರವಿಸುವುದು ತಮ್ಮ ಧರ್ಮದ ಬಹಳ ಮುಖ್ಯ ಅಂಗವೆಂದು ಶೇಕಡಾ 80 ಮಂದಿ ಹೇಳಿದರು. ಅದೇ ಜನರನ್ನು ನೆರೆಮನೆಯ ಬಗ್ಗೆ ಕೇಳಿದಾಗ ಸ್ವರ ಬದಲಾಯಿತು. ಹಿಂದೂಗಳಲ್ಲಿ ಶೇಕಡಾ 45 ಮಂದಿ ಒಂದಲ್ಲ ಒಂದು ಅನ್ಯಧರ್ಮದವರನ್ನು ನೆರೆಯವರಾಗಿ ಒಪ್ಪುವುದಿಲ್ಲವೆಂದರು. ಶೇಕಡಾ 36 ಮಂದಿ ಮುಸ್ಲಿಂ ನೆರೆಯವರು ಬೇಡವೆಂದರು. ತಮ್ಮ ಹೆಣ್ಣುಮಕ್ಕಳು ಅನ್ಯಧರ್ಮೀಯರನ್ನು ವರಿಸದಂತೆ ತಡೆಯುವುದು ಬಹಳ ಮುಖ್ಯವೆಂದು ಹಿಂದೂಗಳಲ್ಲಿ ಶೇಕಡಾ 67, ಮುಸ್ಲಿಮರಲ್ಲಿ ಶೇಕಡಾ 80 ಮಂದಿ ಹೇಳಿದರು. ಗೌರವವೂ ಗೋಡೆಯೂ ಒಂದೇ ಮನಸ್ಸಿನಲ್ಲಿ ಜೊತೆಯಾಗಿ ಇರಬಲ್ಲವು ಎಂಬುದು ಈ ಸಂಗ್ರಹದಿಂದ ತಿಳಿದುಬಂದ ಅತ್ಯಂತ ದೊಡ್ಡ ಸಂಗತಿ.

ಜೈನರ ಅಂಕಿಗಳು ಹೀಗಿವೆ. ಹಿಂದೂ ನೆರೆಯವರನ್ನು ಒಪ್ಪುವುದಾಗಿ ಶೇಕಡಾ 92 ಮಂದಿ ಹೇಳಿದರು. ಒಂದಲ್ಲ ಒಂದು ಧರ್ಮದವರು ನೆರೆಯಲ್ಲಿ ಬೇಡವೆಂದವರು ಶೇಕಡಾ 61. ಮುಸ್ಲಿಮರು ಬೇಡವೆಂದವರು ಶೇಕಡಾ 54. ಅನೇಕಾಂತವನ್ನು ಜಗತ್ತಿಗೆ ಕೊಟ್ಟೆವೆಂದು ಪ್ರತಿ ಮಹಾವೀರ ಜಯಂತಿಯಲ್ಲಿ ಸಾರುವ ಸಮಾಜದ ಮುಂದೆ ಈ ಅಂಕಿ ನಿಂತಿದೆ.

ಈ ಅಂಕಿಯನ್ನು ಮೊದಲು ಲೆಕ್ಕಿಗನ ಕಣ್ಣಿನಿಂದ ಪರಿಶೀಲಿಸೋಣ. 29,999 ಮಂದಿಯಲ್ಲಿ ಜೈನರು 109 ಮಂದಿ ಮಾತ್ರ. ಸರಳವಾದ ಸೂತ್ರದಂತೆ ಇಷ್ಟು ಚಿಕ್ಕ ಮಾದರಿಯಲ್ಲಿ ಸುಮಾರು 9 ಅಂಶಗಳಷ್ಟು ಈಚೆಗೋ ಆಚೆಗೋ ತಪ್ಪು ಸಂಭವಿಸಬಹುದು. ಊರೂರಿನಲ್ಲಿ ಗುಂಪಾಗಿ ಮನೆಗಳನ್ನು ಆರಿಸಿದಾಗ ತಪ್ಪಿನ ಅವಕಾಶ ಇನ್ನೂ ಹೆಚ್ಚು. ಎಂದರೆ 54 ಎಂಬುದು 45 ಇರಬಹುದು, 63 ಇರಬಹುದು. 2011ರ ಜನಗಣತಿಯಂತೆ ದೇಶದ ಜೈನರು 44,51,753. ಕರ್ನಾಟಕದ ಜೈನರು 4,40,280, ಹತ್ತರಲ್ಲಿ ಒಂದು ಪಾಲು. ಆ ಪ್ರಮಾಣದಲ್ಲಿಯೇ ಲೆಕ್ಕ ಹಾಕಿದರೆ 109ರಲ್ಲಿ ಕರ್ನಾಟಕದವರ ಪಾಲು ಹನ್ನೊಂದನ್ನು ಮೀರದು. ಇದರಿಂದ ಕನ್ನಡ ಜೈನರ ಮನಸ್ಸನ್ನು ನಿರ್ಣಯಿಸುವುದು ಸಾಧ್ಯವಿಲ್ಲ. ಆದರೆ ಕೆಳಗಿನ ಅಂಚಾದ 45 ಎಂದೇ ಹಿಡಿದರೂ ಅದು ಸಮಾಧಾನಪಡುವ ಸಂಖ್ಯೆಯಲ್ಲ.

ಆಹಾರದ ಸಮಾಧಾನ

ಇದಕ್ಕೆ ಸಿದ್ಧವಾದ ಉತ್ತರವೊಂದು ಉಂಟು. ವಿರೋಧ ಧರ್ಮದ್ದಲ್ಲ, ಆಹಾರದ್ದು. ಮಾಂಸದ ಅಡುಗೆಯ ನೆರೆ ಶ್ರಾವಕನ ಮನೆಗೆ ಸಲ್ಲದು ಎಂಬುದು ಆ ಉತ್ತರ. ಇದರಲ್ಲಿ ಹುರುಳಿಲ್ಲದೆ ಇಲ್ಲ. ಅದೇ ಸಂಗ್ರಹದಲ್ಲಿ ಜೈನರಲ್ಲಿ ಶೇಕಡಾ 92 ಮಂದಿ ತಾವು ಸಸ್ಯಾಹಾರಿಗಳೆಂದರು. ಆದರೆ ಅದೇ ಸಂಗ್ರಹದಂತೆ ಸಸ್ಯಾಹಾರಿಗಳೆಂದು ಹೇಳಿಕೊಂಡ ಹಿಂದೂಗಳು ಶೇಕಡಾ 44 ಮಾತ್ರ. ಅರ್ಧಕ್ಕಿಂತ ಹೆಚ್ಚು ಹಿಂದೂಗಳು ಮಾಂಸಾಹಾರಿಗಳಾಗಿದ್ದರೂ ಅವರನ್ನು ನೆರೆಯವರಾಗಿ ಶೇಕಡಾ 92 ಜೈನರು ಒಪ್ಪುತ್ತಾರೆ. ಹಾಗಾದರೆ ವ್ಯತ್ಯಾಸವೆಲ್ಲವನ್ನೂ ಅಡುಗೆಮನೆಯ ಮೇಲೆ ಹೊರಿಸಲಾಗದು. ಜಮಾ ಖರ್ಚು ತಾಳೆಯಾಗುವುದಿಲ್ಲ.

ಈ ನಾಲ್ಕು ಊರುಗಳ ವ್ಯಾಪಾರಸ್ಥರಿಗೆ ಇನ್ನೊಂದು ಮಾತನ್ನೂ ಹೇಳಬೇಕಾಗಿದೆ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಏಷ್ಯಾದಲ್ಲಿಯೇ ದೊಡ್ಡದೆಂದು ಹೆಸರಾಗಿದೆ. ಗೂಡಿನೊಳಗಿನ ಜೀವವನ್ನು ಬಿಸಿಯಿಂದ ಕೊಂದು, ಕುದಿಯುವ ನೀರಿನಲ್ಲಿಟ್ಟು ನೂಲು ತೆಗೆಯುತ್ತಾರೆ. ಚನ್ನಪಟ್ಟಣದ ಗೊಂಬೆಗಳಿಗೆ ಬಣ್ಣ ಹಿಡಿಸುವ ಅರಗು ಕೀಟದಿಂದ ಬರುತ್ತದೆ. ಅರಗಿನ ವ್ಯಾಪಾರವನ್ನು ಆಚಾರಗ್ರಂಥಗಳು ಶ್ರಾವಕನಿಗೆ ನಿಷಿದ್ಧವಾದ ಹದಿನೈದು ಕರ್ಮಾದಾನಗಳಲ್ಲಿ ಎಣಿಸುತ್ತವೆ. ರೇಷ್ಮೆಯ ಸೀರೆ ಉಟ್ಟು ಬಸದಿಗೆ ಹೋಗುವಾಗ ಕಾಣದ ಹಿಂಸೆಯು ನೆರೆಮನೆಯ ಒಲೆಯಲ್ಲಿ ಮಾತ್ರ ಕಾಣುವುದಾದರೆ, ಅಲ್ಲಿ ಕೆಲಸ ಮಾಡುತ್ತಿರುವುದು ಅಹಿಂಸೆಯೊಂದೇ ಅಲ್ಲ. ಇದನ್ನು ಯಾರನ್ನೂ ನಿಂದಿಸಲು ಹೇಳುತ್ತಿಲ್ಲ. ಮಾನಕಷಾಯವು ಅಹಿಂಸೆಯ ವೇಷದಲ್ಲಿ ಬರುವುದುಂಟೆಂಬ ಎಚ್ಚರಿಕೆಗಾಗಿ ಹೇಳಿದೆ.

ಅದೇ ರಾಮನಗರದ ಮಾರುಕಟ್ಟೆ ಇನ್ನೊಂದು ಪಾಠವನ್ನೂ ಕಲಿಸುತ್ತದೆ. ಗೂಡು ತರುವ ರೈತರು ಬಹುಮಟ್ಟಿಗೆ ಹಿಂದೂಗಳು. ಅದನ್ನು ಹರಾಜಿನಲ್ಲಿ ಕೊಂಡು ನೂಲು ಬಿಚ್ಚುವ ರೀಲರುಗಳಲ್ಲಿ ಮುಸ್ಲಿಮರು ಹೆಚ್ಚು. ಚನ್ನಪಟ್ಟಣದ ಗೊಂಬೆಯ ಕಸಬಿನಲ್ಲಿಯೂ ಇಬ್ಬರೂ ಇದ್ದಾರೆ. ಈ ಜನರಿಗೆ ಪರಸ್ಪರ ವಿಷಯದಲ್ಲಿ ಯಾವ ಅಭಿಪ್ರಾಯವಿದೆಯೋ ಯಾರೂ ಕೇಳಿಲ್ಲ. ಆದರೆ ಒಬ್ಬರ ಅನ್ನ ಇನ್ನೊಬ್ಬರ ಕೈಯಲ್ಲಿದೆ. ತಾತಯ್ಯನವರ ಕೈಗೆ ಜೈನರ ಹಣ ಹೋದಂತೆಯೇ ಇದೂ ಒಂದು ಕಟ್ಟು.

ಶಾಸನ ಕಲಿಸುವ ಪಾಠ

ಅಭಿಪ್ರಾಯ ಸಂಗ್ರಹವು ಒಬ್ಬೊಬ್ಬನನ್ನು ಪ್ರತ್ಯೇಕವಾಗಿ, ಹೆಸರು ಹೊರಗೆ ಬಾರದಂತೆ ಕೇಳುತ್ತದೆ. ಮನಸ್ಸಿನಲ್ಲಿ ಇದ್ದದ್ದನ್ನು ತೋರಿಸುತ್ತದೆ. ಕಲ್ಯದ ಶಾಸನವು ಎಲ್ಲರನ್ನೂ ಒಂದೆಡೆ ಸೇರಿಸಿ, ಎಲ್ಲರ ಎದುರಿನಲ್ಲಿ ಮಾತು ಪಡೆಯಿತು. ಮುಂದೆ ನಡೆಯಬೇಕಾದದ್ದನ್ನು ಗೊತ್ತುಮಾಡಿತು. 1368ರ ಆ ದಿನ ಹದಿನೆಂಟು ನಾಡಿನವರ ಅಭಿಪ್ರಾಯ ಸಂಗ್ರಹಿಸಿದ್ದರೆ ಅಂಕಿಗಳು ಬಹುಶಃ ಒಪ್ಪಂದಕ್ಕೆ ಅನುಕೂಲವಾಗಿ ಇರುತ್ತಿರಲಿಲ್ಲ; ದೂರು ಹುಟ್ಟಿದ್ದೇ ಅವರ ನಡುವಿನ ವೈಮನಸ್ಯದಿಂದ. ಮನಸ್ಸು ಬದಲಾಗುವವರೆಗೆ ಬುಕ್ಕರಾಯನು ಕಾಯಲಿಲ್ಲ. ಹಕ್ಕನ್ನು ಬರೆಯಿಸಿದನು, ಹೊಣೆಯನ್ನು ಹೆಸರು ಹಿಡಿದು ಹೊರಿಸಿದನು, ಹಣದ ಮೂಲವನ್ನು ತೋರಿಸಿದನು, ಮೀರಿದರೆ ದ್ರೋಹವೆಂದನು. ಅಭಿಪ್ರಾಯ ಪ್ರತಿಕೂಲವಾಗಿದ್ದಾಗಲೂ ನಡತೆ ಧರ್ಮ್ಯವಾಗಿರಬಹುದೆಂಬುದೇ ಈ ಶಾಸನದ ಸಾರ.

ಆದ್ದರಿಂದ 54 ಎಂಬ ಅಂಕಿಯನ್ನು ಕಂಡು ಲಜ್ಜೆಪಟ್ಟು ಕುಳಿತರೂ, ಸುಳ್ಳೆಂದು ತಳ್ಳಿದರೂ ಪ್ರಯೋಜನವಿಲ್ಲ. ಬಸದಿಗಳ ಟ್ರಸ್ಟುಗಳು ಮಾಡಬಹುದಾದ ಕೆಲಸಗಳು ಕೆಲವಿವೆ. ಮೊದಲನೆಯದಾಗಿ, ಹೆಸರು ಬರೆಯದ ಚೀಟಿಗಳ ಮೂಲಕ ತಮ್ಮ ಊರಿನ ಜೈನ ಕುಟುಂಬಗಳನ್ನೇ ಕೇಳಬಹುದು: ಬೇರೆ ಧರ್ಮದವರಿಗೆ ಮನೆ ಬಾಡಿಗೆಗೆ ಕೊಡುವಿರಾ, ಕೊಡದಿದ್ದರೆ ಕಾರಣವೇನು, ಕಳೆದ ಒಂದು ವರ್ಷದಲ್ಲಿ ಅನ್ಯಧರ್ಮೀಯರ ಕಷ್ಟಸುಖಕ್ಕೆ ಹೋದದ್ದುಂಟೆ? 109 ಮಂದಿಯ ಅಂಕಿಯನ್ನು ನಂಬದವರಿಗೆ ತಮ್ಮದೇ ಅಂಕಿ ಇರಲಿ. ಎರಡನೆಯದಾಗಿ, ಟ್ರಸ್ಟಿನ ಅಂಗಡಿ ಮನೆಗಳ ಬಾಡಿಗೆ ಪತ್ರಗಳಲ್ಲಿ ಆವರಣದೊಳಗಿನ ಆಹಾರದ ನಿಯಮವಿದ್ದರೆ ಅದು ಎಲ್ಲರಿಗೂ ಒಂದೇ ಆಗಿರಲಿ. ಜಾತಿ ಧರ್ಮಗಳ ಹೆಸರು ಅಲ್ಲಿ ಬಾರದಿರಲಿ. ಮೂರನೆಯದಾಗಿ, ಊರಿನಲ್ಲಿ ಮೆರವಣಿಗೆ, ವಾದ್ಯ, ಧ್ವನಿವರ್ಧಕಗಳ ಪ್ರಶ್ನೆ ಎದ್ದಾಗ ಬುಸುವಿಸೆಟ್ಟಿಯಂತೆ ಎರಡು ಕಡೆಯವರನ್ನೂ ಕೂಡಿಸುವ ಕೆಲಸವನ್ನು ವರ್ತಕರು ವಹಿಸಿಕೊಳ್ಳಲಿ. ಎರಡೂ ಕಡೆ ಲೇವಾದೇವಿ ಇದ್ದವನ ಮಾತಿಗೆ ಎರಡೂ ಕಡೆ ಬೆಲೆಯಿರುತ್ತದೆ.

ಕಲ್ಯದ ಶಾಸನದ ಪಾಠವನ್ನು ದಶಲಕ್ಷಣ ಪರ್ವದ ದಶಮಿಯಂದು ಬಸದಿಗಳಲ್ಲಿ ಓದಿ ಅರ್ಥ ಹೇಳುವ ಪದ್ಧತಿಯನ್ನು ಆರಂಭಿಸಿದರೆ ಉಚಿತವಾಗುತ್ತದೆ. ಆ ತಿಥಿ ಒಪ್ಪಂದದ ತಿಥಿಯೇ ಆಗಿದೆ. ಪರ್ವ ಮುಗಿದ ಮೇಲೆ ಕ್ಷಮಾವಣಿಯ ದಿನ ಸಕಲ ಜೀವಿಗಳಲ್ಲಿ ಕ್ಷಮೆ ಯಾಚಿಸುವ ಮಾತು ಬರುತ್ತದೆ. ಸಕಲ ಜೀವಿಗಳ ಲೆಕ್ಕದಲ್ಲಿ ನೆರೆಮನೆಯವರೂ ಸೇರುತ್ತಾರೆ. ಅಂದು ಅವರ ಬಾಗಿಲಿಗೂ ಹೋಗಿ ಬರುವುದು ಶ್ರಾವಕಧರ್ಮಕ್ಕೆ ಒಪ್ಪುವ ನಡೆ.